ಹತ್ತು ನಿಮಿಷದ ಲೆಕ್ಕ: ಹಿಮ ಕುಸಿದಾಗ ಕಾಪಾಡೋರು ಯಾರು?

 

ಇವತ್ತಿನ ವಿಷಯ ಸ್ನೋಮೊಬೈಲ್ ಮತ್ತು ಹಿಮಕುಸಿತ. ಸ್ನೋಮೊಬೈಲ್ ಅಂದ್ರೆ ಹಿಮದ ಮೇಲೆ ಓಡೋ ಬೈಕ್ ಅಂದ್ಕೊಳ್ಳಿ. ಮುಂದೆ ಎರಡು ಸ್ಕೀ, ಹಿಂದೆ ಟ್ಯಾಂಕರ್‌ಗೆ ಇರುತ್ತಲ್ಲ ಯುದ್ಧದ ಟ್ಯಾಂಕಿಗೆ, ಅಂಥ ಪಟ್ಟಿ. "ಇದು ನಮಗ್ಯಾಕೆ ಗುರು?" ಅಂತ ಕೇಳಬಹುದು. ನಮ್ಮ ವಯಸ್ಸಿನ ಎಷ್ಟೋ ಜನ ಓದೋಕೆ, ಕೆಲಸಕ್ಕೆ ಅಂತ ಕೆನಡಾಕ್ಕೆ ಹೋಗಿದ್ದಾರೆ. ಚಳಿಗಾಲ ಬಂತು ಅಂದ್ರೆ ಅವರ ಸ್ಟೋರಿಗಳಲ್ಲಿ ಈ ಗಾಡಿ ಕಾಣುತ್ತೆ. ಬಾಡಿಗೆಗೆ ಸಿಗುತ್ತೆ, ಓಡಿಸೋದು ಬೇಗ ಕಲಿಬಹುದು. ಬೆಟ್ಟವನ್ನ ಓದೋದು ಅಷ್ಟು ಬೇಗ ಬರಲ್ಲ. ಅಪಾಯ ಇರೋದು ಅಲ್ಲೇ.

ಒಂದು ಪದ ಮೊದಲು ಸರಿಮಾಡ್ಕೊಳ್ಳೋಣ. ನಮ್ಮ ಸುದ್ದಿಗಳಲ್ಲಿ 'ಹಿಮಪಾತ' ಅನ್ನೋ ಒಂದೇ ಪದವನ್ನ ಎರಡಕ್ಕೂ ಬಳಸ್ತಾರೆ. ಆಕಾಶದಿಂದ ಹಿಮ ಬೀಳೋದು ಹಿಮಪಾತ. ಬೆಟ್ಟದ ಇಳಿಜಾರಲ್ಲಿ ಕೂತಿದ್ದ ಹಿಮ ಕಳಚಿಕೊಂಡು ಕೆಳಗೆ ನುಗ್ಗೋದು ಹಿಮಕುಸಿತ, ಅಂದ್ರೆ ಅವಲಾಂಚ್. ನಾನು ಇವತ್ತು ಹೇಳ್ತಿರೋದು ಎರಡನೆಯದರ ಬಗ್ಗೆ.

ಕೊಪ್ಪದ ಅವರ ಆರು ದಿನ, ಉಳಿದವರ ಹತ್ತು ನಿಮಿಷ

ಹಿಮಕುಸಿತ ಅಂದ ತಕ್ಷಣ ಕನ್ನಡಿಗರಿಗೆ ನೆನಪಾಗೋ ಹೆಸರು ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನವರು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದಲ್ಲಿ ಹತ್ತು ಸೈನಿಕರು ಹಿಮದಡಿ ಸಿಕ್ಕಿಕೊಂಡ್ರು. ಆರು ದಿನದ ನಂತರ ಕೊಪ್ಪದ ಅವರು ಜೀವಂತವಾಗಿ ಸಿಕ್ಕಿದ್ರು. ಇಡೀ ದೇಶ ಪ್ರಾರ್ಥನೆ ಮಾಡ್ತು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡ್ರು.

ಈ ಘಟನೆ ನಮ್ಮ ಮನಸ್ಸಲ್ಲಿ ಗಟ್ಟಿಯಾಗಿ ಕೂತಿದೆ, ಕೂರಬೇಕಾದ್ದೇ. ಆದರೆ ಅದರಿಂದ "ಹಿಮದಡಿ ಸಿಕ್ಕರೂ ದಿನಗಟ್ಟಲೆ ಸಮಯ ಇರುತ್ತೆ" ಅನ್ನೋ ಲೆಕ್ಕ ಹಾಕಬಾರದು. ಕೊಪ್ಪದ ಅವರದ್ದು ಅಪರೂಪದಲ್ಲಿ ಅಪರೂಪ. ಸಾಮಾನ್ಯ ಲೆಕ್ಕ ಬೇರೆ ಇದೆ.

ನಾನು ಬಿಕಾಂ ಓದಿದವನು, ಅಂಕಿ ನೋಡಿದ್ರೆ ನನಗೆ ವಿಷಯ ಬೇಗ ತಲೆಗೆ ಹೋಗುತ್ತೆ. ಸ್ವಿಟ್ಜರ್ಲೆಂಡಿನ ನಾಲ್ಕು ದಶಕಗಳ ದಾಖಲೆ ಇಟ್ಕೊಂಡು ಮಾಡಿದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯ್ತು. ಪೂರ್ತಿ ಹೂತುಹೋದವರನ್ನ ಹತ್ತು ನಿಮಿಷದೊಳಗೆ ಹೊರಗೆ ತೆಗೆದ್ರೆ ನೂರಕ್ಕೆ 91 ಜನ ಬದುಕ್ತಾರೆ. ಮೂವತ್ತು ನಿಮಿಷದ ಹೊತ್ತಿಗೆ ಅದು 31ಕ್ಕೆ ಇಳಿಯುತ್ತೆ. ಇಪ್ಪತ್ತೇ ನಿಮಿಷದಲ್ಲಿ ಅರವತ್ತು ಜನರ ವ್ಯತ್ಯಾಸ!

ಯಾಕೆ ಹೀಗೆ? ಹೆಚ್ಚಿನವರು ಸಾಯೋದು ಚಳಿಯಿಂದ ಅಲ್ಲ, ಉಸಿರುಗಟ್ಟಿ. ಓಡ್ತಿರೋವಾಗ ಪುಡಿಯ ಹಾಗಿದ್ದ ಹಿಮ ನಿಂತ ತಕ್ಷಣ ಕಾಂಕ್ರೀಟ್ ಥರ ಬಿಗಿಯುತ್ತೆ. ಬೆರಳು ಅಲ್ಲಾಡಿಸೋಕೂ ಆಗಲ್ಲ. ಬಿಟ್ಟ ಉಸಿರನ್ನೇ ಮತ್ತೆ ಎಳ್ಕೊಳ್ಳಬೇಕು.

ಈಗ ಯೋಚನೆ ಮಾಡಿ. ಸ್ನೋಮೊಬೈಲ್‌ನಲ್ಲಿ ನೀವು ರಸ್ತೆಯಿಂದ ಹತ್ತಿಪ್ಪತ್ತು ಕಿಲೋಮೀಟರ್ ಒಳಗೆ ಹೋಗಿದ್ದೀರಿ. ಫೋನ್ ಸಿಗ್ನಲ್ ಇಲ್ಲ. ಇದ್ದರೂ ಹೆಲಿಕಾಪ್ಟರ್ ಹತ್ತು ನಿಮಿಷದಲ್ಲಿ ಬರುತ್ತಾ? ಬರಲ್ಲ. ಅಂದ್ರೆ ನಿಮ್ಮ ರಕ್ಷಣಾ ತಂಡ ನಿಮ್ಮ ಜೊತೆ ಗಾಡಿ ಓಡಿಸ್ತಿರೋ ಗೆಳೆಯರೇ. ಅವರನ್ನ ಬಿಟ್ಟು ಇನ್ಯಾರೂ ಇಲ್ಲ.

ಕಾಪಾಡೋಕೆ ಹೋದವರೂ ಹೂತುಹೋದ್ರು

2008ರ ಡಿಸೆಂಬರ್ 28. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಫರ್ನಿ ಊರಿನ ಹತ್ತಿರ ಹಾರ್ವಿ ಪಾಸ್ ಅನ್ನೋ ಜಾಗ. ಸ್ಪಾರ್ವುಡ್ ಅನ್ನೋ ಕಲ್ಲಿದ್ದಲು ಗಣಿಯ ಪುಟ್ಟ ಊರಿಂದ 11 ಜನ ಸ್ನೋಮೊಬೈಲ್ ತಗೊಂಡು ಹೋಗಿದ್ರು. ಹಿಮ ಕುಸಿದು ಏಳು ಜನ ಸಿಕ್ಕಿಕೊಂಡ್ರು. ಉಳಿದ ನಾಲ್ವರು ಓಡಿಬಂದು ಅಗೆಯೋಕೆ ಶುರುಮಾಡಿದ್ರು. ಅಗೆಯೋವಾಗಲೇ ಇನ್ನೊಂದು ಕುಸಿತ ಬಂದು ಅವರನ್ನೂ ಮುಚ್ಚಿಬಿಡ್ತು. ಇಬ್ಬರು ಹೇಗೋ ತಾವೇ ಹೊರಗೆ ಬಂದು ಮೂರನೆಯವರನ್ನ ತೆಗೆದ್ರು. ಮತ್ತೆ ಕುಸಿಯೋ ಭಯದಲ್ಲಿ, ಉಳಿದವರನ್ನ ಅಲ್ಲೇ ಬಿಟ್ಟು ಹೊರಡಬೇಕಾಯ್ತು. ಎಂಟು ಜನ ಹೋಗಿಬಿಟ್ರು, ಎಲ್ಲಾ ಒಂದೇ ಊರಿನವರು. ಆ ಒಂದು ಚಳಿಗಾಲದಲ್ಲಿ ಬ್ರಿಟಿಷ್ ಕೊಲಂಬಿಯಾದಲ್ಲಿ 19 ಸ್ನೋಮೊಬೈಲ್ ಸವಾರರು ಹಿಮಕುಸಿತಕ್ಕೆ ಸಿಕ್ಕಿ ಸತ್ರು.

ಆ ನಾಲ್ವರು ಮಾಡಿದ್ದನ್ನ ಯಾವ ಗೆಳೆಯನಾದರೂ ಮಾಡ್ತಾನೆ. ಅವರನ್ನ ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ. ಆದರೆ ಆವತ್ತಿಂದ ತರಬೇತಿಗಳಲ್ಲಿ ಒತ್ತಿ ಹೇಳೋ ಪಾಠ ಇದು: ಹಿಮದೊಳಗೆ ಕಾಲಿಡೋಕೆ ಮುಂಚೆ ಒಂದು ಸಲ ತಲೆ ಎತ್ತಿ ಮೇಲೆ ನೋಡಿ. ಇನ್ನೂ ಕುಸಿಯೋ ಹಿಮ ಮೇಲಿದೆಯಾ? ಇದ್ದರೆ ಯಾವ ಕಡೆಯಿಂದ ಒಳಗೆ ಹೋಗಬೇಕು? ಹೊರಗೆ ನಿಂತು ಕಾವಲು ಕಾಯೋರು ಯಾರು? ಆ ಕೆಲವು ಸೆಕೆಂಡ್ ದಂಡ ಅಲ್ಲ.

ಮೂರು ಸಾಮಾನು, ಇರಬೇಕಾದ್ದು ಮೈಮೇಲೆ

ಪ್ರತಿಯೊಬ್ಬರ ಹತ್ತಿರ ಮೂರು ಸಾಮಾನು ಇರಲೇಬೇಕು.

ಒಂದು, ಟ್ರಾನ್ಸೀವರ್. ಬೀಕನ್ ಅಂತಲೂ ಕರೀತಾರೆ. 457 ಕಿಲೋಹರ್ಟ್ಜ್‌ನಲ್ಲಿ ಸದಾ ಸಿಗ್ನಲ್ ಕಳಿಸ್ತಾ ಇರುತ್ತೆ. ಯಾರಾದ್ರೂ ಹೂತುಹೋದ್ರೆ ಉಳಿದವರು ತಮ್ಮದನ್ನ ಹುಡುಕೋ ಮೋಡ್‌ಗೆ ಹಾಕ್ತಾರೆ. ಎರಡು, ಪ್ರೋಬ್. ಟೆಂಟಿನ ಕಡ್ಡಿಯ ಹಾಗೆ ಮಡಚಿಡೋ ಉದ್ದನೆ ಕೋಲು. ಮೂರು, ಲೋಹದ ಸಲಿಕೆ. ಇದರ ಜೊತೆ ಏರ್‌ಬ್ಯಾಗ್ ಇರೋ ಬ್ಯಾಕ್‌ಪ್ಯಾಕ್ ಇದ್ದರೆ ಒಳ್ಳೇದು. ಅದು ಹಿಮದ ಮೇಲ್ಭಾಗದಲ್ಲಿ ಉಳಿಯೋಕೆ ಸಹಾಯ ಮಾಡುತ್ತೆ. ಆದರೆ ಅದು ಈ ಮೂರರ ಬದಲಿಗೆ ಅಲ್ಲ.

ಸ್ನೋಮೊಬೈಲ್‌ನವರು ಇಲ್ಲೇ ಎಡವೋದು. ಗಾಡಿಯಲ್ಲಿ ಜಾಗ ಇದೆ ಅಂತ ಸಲಿಕೆ, ಪ್ರೋಬ್ ಎಲ್ಲಾ ಗಾಡಿಗೇ ಕಟ್ತಾರೆ. ಹಿಮ ಬಂದಾಗ ಗಾಡಿ ಒಂದು ಕಡೆ, ಸವಾರ ಒಂದು ಕಡೆ. ಸಲಿಕೆಯನ್ನೇ ಹುಡುಕೋಕೆ ಸಲಿಕೆ ಬೇಕಾಗುತ್ತೆ! ಬೀಕನ್ ಮೈಗೆ, ಉಳಿದೆರಡು ಬೆನ್ನಿಗೆ.

ಇನ್ನು ನಮ್ಮ ಪ್ರೀತಿಯ ಫೋನ್ ವಿಷಯ. ಫೋನನ್ನೇ ಬೀಕನ್ ಮಾಡ್ತೀವಿ ಅಂತ ಆ್ಯಪ್‌ಗಳು ಬಂದಾಗ, 2013ರಲ್ಲಿ ಕೆನಡಾದ ಅವಲಾಂಚ್ ಕೇಂದ್ರವೇ ನಂಬಬೇಡಿ ಅಂತ ಎಚ್ಚರಿಸ್ತು. ಆ ಆ್ಯಪ್‌ಗಳು ನಿಜವಾದ ಬೀಕನ್ ಜೊತೆ ಮಾತಾಡಲ್ಲ. ಅಷ್ಟೇ ಅಲ್ಲ, ಹತ್ತಿರ ಇಟ್ಟ ಫೋನ್ ಬೀಕನ್ನಿನ ಸಿಗ್ನಲ್ ಕೆಡಿಸುತ್ತೆ. ನಿಯಮ ಸರಳ: ಬೀಕನ್ನಿಂದ ಫೋನ್, ಕ್ಯಾಮೆರಾ, ಬಿಸಿ ಗ್ಲೌಸ್ ಎಲ್ಲಾ 20 ಸೆಂಟಿಮೀಟರ್ ದೂರ. ಹುಡುಕೋವಾಗ 50 ಸೆಂಟಿಮೀಟರ್ ದೂರ. ಓಡ್ತಿರೋ ಸ್ನೋಮೊಬೈಲ್ ಎಂಜಿನ್ ಕೂಡ ಗೊಂದಲ ಮಾಡುತ್ತೆ, ಹುಡುಕೋವಾಗ ಆಫ್ ಮಾಡಿ.

ಹತ್ತು ನಿಮಿಷದ ಬಜೆಟ್

ಗೆಳೆಯ ಹಿಮದಲ್ಲಿ ಮುಳುಗಿದ. ಏನು ಮಾಡಬೇಕು?

ಕೊನೇ ಸಲ ಅವನು ಕಂಡ ಜಾಗ ಗುರುತಿಟ್ಟುಕೊಳ್ಳಿ. ಅಲ್ಲಿಂದ ಕೆಳಗೆ ಹುಡುಕಿ. ಉಳಿದ ಎಲ್ಲರ ಬೀಕನ್ ಹುಡುಕೋ ಮೋಡ್‌ಗೆ ಬರಲಿ. ಒಬ್ಬರದ್ದು ಕಳಿಸೋ ಮೋಡ್‌ನಲ್ಲೇ ಉಳಿದರೂ ನೀವು ಮೇಲೆ ನಿಂತಿರೋ ಗೆಳೆಯನನ್ನೇ ಹುಡುಕ್ತಾ ಕೂರ್ತೀರಿ. ಗ್ಲೌಸ್, ಹೆಲ್ಮೆಟ್ ಏನಾದ್ರೂ ಹೊರಗೆ ಕಾಣ್ತಿದೆಯಾ ನೋಡಿ, ಎಳೆದು ನೋಡಿ. ಸಿಗ್ನಲ್ ಸಿಕ್ಕ ಮೇಲೆ ಬಾಣದ ಗುರುತು ಹಿಡಿದು ಹೋಗಿ. ಹತ್ತಿರ ಬಂದಾಗ ನಿಧಾನ ಮಾಡಿ, ಬೀಕನ್ನನ್ನ ಹಿಮಕ್ಕೆ ತಾಗೋ ಹಾಗೆ ಹಿಡಿದು ಅತಿ ಕಡಿಮೆ ಸಂಖ್ಯೆ ತೋರಿಸೋ ಜಾಗ ಹುಡುಕಿ. ಅಲ್ಲಿಂದ ಸುತ್ತುಸುತ್ತಾಗಿ, 25 ಸೆಂಟಿಮೀಟರ್‌ಗೆ ಒಂದರಂತೆ ಪ್ರೋಬ್ ಚುಚ್ಚಿ. ತಗುಲಿತಾ? ಪ್ರೋಬ್ ತೆಗೀಬೇಡಿ, ಅದೇ ಗುರುತು.

ಆಮೇಲೆ ಅಗೆಯೋದು. ಹೆಚ್ಚು ಸಮಯ ತಿನ್ನೋದು ಇದೇ. ಒಂದು ಮೀಟರ್ ಆಳದಲ್ಲಿರೋನನ್ನ ತೆಗೆಯೋಕೆ ಒಂದು ಟನ್ ಹಿಮ ಎತ್ತಿ ಹಾಕಬೇಕಾಗಬಹುದು. ಪ್ರೋಬ್ ಪಕ್ಕದಲ್ಲೇ ಬಾವಿ ತೋಡಿದ ಹಾಗೆ ನೇರ ಕೆಳಗೆ ಅಗೆಯಬೇಡಿ. ಆಳದ ಒಂದೂವರೆಪಟ್ಟು ದೂರ ಇಳಿಜಾರಿನ ಕೆಳಗಡೆಗೆ ಹೋಗಿ, ಅಲ್ಲಿಂದ ಅವನ ಕಡೆಗೆ ಅಡ್ಡಡ್ಡ ಅಗೆಯಿರಿ. ಹಿಮವನ್ನ ಮೇಲಕ್ಕೆ ಎತ್ತೋ ಬದಲು ಹಿಂದಕ್ಕೆ ತಳ್ಳಿದ್ರೆ ಸಾಕಾಗುತ್ತೆ. ಜನ ಜಾಸ್ತಿ ಇದ್ದರೆ ಒಬ್ಬರ ಹಿಂದೆ ಒಬ್ಬರು ನಿಂತು ಹಿಮ ಸಾಗಿಸಿ, ಮುಂದಿನವರು ಸುಸ್ತಾಗೋಕೆ ಮುಂಚೆ ಬದಲಾಯಿಸಿ. ಮೊದಲು ತಲೆ, ಬಾಯಿ, ಮೂಗು. ಉಸಿರಾಡ್ತಿಲ್ಲ ಅಂದ್ರೆ ತಕ್ಷಣ ಬಾಯಿಂದ ಉಸಿರು ಕೊಡಿ. ಕಾಲು ಆಮೇಲೆ ಬಿಡಿಸಬಹುದು.

ಇದನ್ನ ಕೇಳಿದ್ರೆ ಬರಲ್ಲ. ಅಭ್ಯಾಸ ಮಾಡಬೇಕು, ಪ್ರತಿ ಚಳಿಗಾಲದ ಶುರುವಿನಲ್ಲಿ.

ಕುಸಿಯದ ಹಾಗೆ ಓಡಿಸೋದು

ರಕ್ಷಣೆ ಅನ್ನೋದು ಕೊನೇ ದಾರಿ. ಮೊದಲ ದಾರಿ ಸಿಕ್ಕಿಹಾಕ್ಕೊಳ್ಳದೇ ಇರೋದು.

ಹೆಚ್ಚಿನ ಕುಸಿತಗಳು 30ರಿಂದ 45 ಡಿಗ್ರಿ ಇಳಿಜಾರಲ್ಲಿ ಆಗ್ತವೆ. ನೆಲದ ಮೇಲೆ ಸಕ್ಕರೆ ಚೆಲ್ಲಿ, ಅದರ ಮೇಲೆ ಕಡಪ ಕಲ್ಲಿಟ್ಟು, ನೆಲವನ್ನ ಓರೆ ಮಾಡಿದ ಹಾಗೆ. ಮೇಲಿನ ಪದರ ಗಟ್ಟಿ, ಕೆಳಗಿನದು ಸಕ್ಕರೆಯ ಹಾಗೆ ಸಡಿಲ. 200 ಕಿಲೋಗೂ ಮೀರಿದ ಗಾಡಿ ಮೇಲೆ ಬಂದಾಗ ಆ ಸಡಿಲ ಪದರ ಮುರಿಯುತ್ತೆ. ಮುರಿಯೋವಾಗ ಕೆಲವು ಸಲ 'ಧುಂ' ಅಂತ ಶಬ್ದ ಬರುತ್ತೆ. ನಡೆಯೋರಿಗೆ ಅದು ಕೇಳುತ್ತೆ. ಎಂಜಿನ್ ಸದ್ದಿನಲ್ಲಿ ಹೆಲ್ಮೆಟ್ ಹಾಕಿರೋರಿಗೆ ಕೇಳಲ್ಲ. ಅದಕ್ಕೇ ಆಗಾಗ ನಿಲ್ಲಿಸಿ, ಇಳಿದು ನೋಡಬೇಕು.

ಸವಾರರಿಗೆ ಒಂದು ಆಟ ಇಷ್ಟ: ಹೈಮಾರ್ಕಿಂಗ್. ಇಳಿಜಾರಲ್ಲಿ ಯಾರು ಹೆಚ್ಚು ಎತ್ತರಕ್ಕೆ ಹೋಗಿ ತಿರುಗ್ತಾರೆ ಅಂತ ಪೈಪೋಟಿ. 2010ರ ಮಾರ್ಚ್ 13ರಂದು ರೆವೆಲ್‌ಸ್ಟೋಕ್ ಹತ್ತಿರದ ಬೌಲ್ಡರ್ ಮೌಂಟನ್‌ನಲ್ಲಿ 'ಬಿಗ್ ಐರನ್ ಶೂಟ್‌ಔಟ್' ಅನ್ನೋ ಕೂಟ ನಡೀತಿತ್ತು. ಹಿಮಕುಸಿತದ ಎಚ್ಚರಿಕೆ ಮುಂಚೆಯೇ ಹೊರಟಿತ್ತು. ಮೇಲೆ ಗಾಡಿಗಳು ಏರ್ತಿದ್ವು, ಕೆಳಗೆ ಸುಮಾರು 200 ಜನ ನೋಡ್ತಾ ನಿಂತಿದ್ರು. ಬೆಟ್ಟ ಜಾರ್ತು. ಇಬ್ಬರು ಸತ್ರು, ಸುಮಾರು 30 ಜನಕ್ಕೆ ಗಾಯ. ಅಲ್ಲೇ ಇದ್ದವರು ಬೀಕನ್, ಸಲಿಕೆ ಹಿಡಿದು ಅಗೆದದ್ದರಿಂದ ಎಷ್ಟೋ ಜೀವ ಉಳೀತು.

ಅದಕ್ಕೇ ಈ ನಿಯಮಗಳು. ಇಳಿಜಾರಿನ ಮೇಲೆ ಒಂದು ಹೊತ್ತಿಗೆ ಒಬ್ಬರೇ. ಉಳಿದವರು ಹಿಮ ಬಂದರೆ ತಲುಪದ ಜಾಗದಲ್ಲಿ, ಗಾಡಿಯ ಮೂತಿ ಹೊರಡೋ ದಿಕ್ಕಿಗೆ ಇಟ್ಟು, ಮೇಲಿರೋನ ಮೇಲೆ ಕಣ್ಣಿಟ್ಟು ನಿಲ್ಲಬೇಕು. ಮೇಲೆ ಒಬ್ಬನ ಗಾಡಿ ಹೂತುಕೊಂಡರೆ ಇನ್ನೊಬ್ಬ ಸಹಾಯಕ್ಕೆ ಏರಬಾರದು. ಅವನೇ ಬಿಡಿಸ್ಕೊಂಡು ಬರಲಿ. ಕಲ್ಲು ಮನಸ್ಸು ಅನ್ನಿಸಬಹುದು, ಆದರೆ ಎರಡನೇ ಗಾಡಿಯ ಭಾರಕ್ಕೆ ಇಬ್ಬರೂ ಹೋದ್ರೆ ಅಗೆಯೋರು ಯಾರು?

ಹೊರಡೋ ದಿನ ಬೆಳಗ್ಗೆ ಅವಲಾಂಚ್ ಕೆನಡಾದ ಮುನ್ಸೂಚನೆ ನೋಡಿ. ಅಪಾಯಕ್ಕೆ ಐದು ಹಂತ. ಮೂರನೆಯದನ್ನ 'ಮಧ್ಯದಲ್ಲಿದೆ, ಪರವಾಗಿಲ್ಲ' ಅಂತ ಓದಬೇಡಿ. ಆ ಹಂತದಲ್ಲೇ ಮನುಷ್ಯರ ಭಾರಕ್ಕೆ ಹಿಮ ಕುಸಿಯೋ ಸಾಧ್ಯತೆ ಜೋರಾಗಿರುತ್ತೆ. ಆ ಸಂಸ್ಥೆಯ ಪಠ್ಯಕ್ರಮದಲ್ಲಿ ಸ್ನೋಮೊಬೈಲ್ ಸವಾರರಿಗೇ ಅಂತ ತರಬೇತಿ ಕೂಡ ಇದೆ.

ಕೊನೆಗೆ ಒಂದು ಮಾತು. ಕೆನಡಾದಲ್ಲಿರೋ ನಿಮ್ಮ ಗೆಳೆಯ, ಅಕ್ಕ, ಭಾವ ಯಾರಾದ್ರೂ ಈ ಸಲ ಬೆಟ್ಟಕ್ಕೆ ಹೊರಟಿದ್ದಾರಾ? ಈ ಎಪಿಸೋಡ್ ಕಳಿಸಿ. ಜೊತೆಗೆ ಈ ಒಂದು ಪ್ರಶ್ನೆ ಕೇಳಿ: "ನೀನು ಹೂತುಹೋದ್ರೆ ನಿನ್ನನ್ನ ಹತ್ತು ನಿಮಿಷದಲ್ಲಿ ಹೊರಗೆ ತೆಗೆಯೋಕೆ ಬರೋರು ನಿನ್ನ ಗುಂಪಲ್ಲಿ ಯಾರಿದ್ದಾರೆ?" ಹೆಸರು ಹೇಳೋಕೆ ತಡವರಿಸಿದ್ರೆ, ಆ ವಾರ ಬೆಟ್ಟ ಬೇಡ, ತರಬೇತಿಗೆ ಹೋಗಲಿ.

ಮುಂದಿನ ವಾರ ಮತ್ತೆ ಸಿಗೋಣ. ಅಲ್ಲಿವರೆಗೆ ಹುಷಾರು.