ಅಜ್ಜ ಅಜ್ಜಿಯರ ಕೀಲುನೋವಿಗೆ ಶಾಖ

ಆಟಿಯ ಮಳೆ ಹಿಡಿಯಿತೆಂದರೆ ಕಾಪುವಿನ ಕಡಲ ಕರೆಯಲ್ಲಾಗಲಿ, ಕಾರ್ಕಳದ ಗುಡ್ಡದ ಬದಿಯಲ್ಲಾಗಲಿ, ವಯಸ್ಸಾದವರ ಮೊಣಕಾಲು ಬಿಗಿಯುತ್ತದೆ. ಆಗ ನೆಕ್ಕಿ ಸೊಪ್ಪು ಕುದಿಸಿದ ಹಂಡೆನೀರಿನ ಸ್ನಾನ, ಹುರಿದ ಉಪ್ಪಿನ ಗಂಟಿನ ಶಾಖ ನಮ್ಮ ಮನೆಗಳ ರೂಢಿ. ಒಳ್ಳೆಯದೇ. ಬಿಸಿ ತಾಗಿದಲ್ಲಿ ರಕ್ತದ ಓಟ ಹೆಚ್ಚಿ ಸ್ನಾಯು ಸಡಿಲಾಗುತ್ತದೆ, ನೋವು ತಗ್ಗುತ್ತದೆ.

ಆದರೆ ಉಪ್ಪಿನ ಗಂಟನ್ನು ಮೊದಲು ನಿಮ್ಮ ಮುಂಗೈಯ ಒಳಬದಿಗೆ ಮುಟ್ಟಿಸಿ ನೋಡಿ. ಹಿತವೆನಿಸಿದರೆ ಮಾತ್ರ, ಬಟ್ಟೆಯ ಮೇಲಿಂದ 15 ನಿಮಿಷ ಕೊಡಿ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಎಷ್ಟೋ ಸಲ ಬಿಸಿಯೇ ತಿಳಿಯದು. ಸುಟ್ಟದ್ದು ಗೊತ್ತಾಗದೆ ಹುಣ್ಣಾಗಿ, ಕಾಲನ್ನೇ ಕಳೆದುಕೊಳ್ಳುವ ಪ್ರಸಂಗ ಬರಬಹುದು. ಅಂಥ ಪಾದಕ್ಕೆ ಶಾಖ ಬೇಡವೇ ಬೇಡ. ಕೀಲು ಕೆಂಪಾಗಿ ಊದಿಕೊಂಡಿದ್ದರೂ ಬೇಡ. ಎದೆನೋವೆಂದರೆ ಶಾಖ ಕೊಡುತ್ತಾ ಕೂರಬೇಡಿ. ಉಡುಪಿಯದೋ ಮಣಿಪಾಲದ್ದೋ, ಹತ್ತಿರದ ಆಸ್ಪತ್ರೆಗೆ ಕೂಡಲೇ ಕರೆದುಕೊಂಡು ಹೋಗಿ.