ಫಸಲಿಗೆ 590 ಕೂಡಿಸಿದರೆ ಸಾಕೇ?

ಬೀದರ್, ಭಾಲ್ಕಿ, ಔರಾದ್ ಕಡೆಯ ಹಳೆಯ ಜಮೀನು ಕಾಗದಗಳಲ್ಲಿ ಉರ್ದು ಬರಹದ ಕೊನೆಗೆ 1352, 1357 ಎಂಬಂಥ ವರ್ಷಗಳಿರುತ್ತವೆ. ಅದು ನಿಜಾಮರ ಕಾಲದ ಫಸಲಿ ಸನ್. ಆ ಕಾಗದಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸುವವರು ತಾರೀಖಿನ ಕಾಲಂನಲ್ಲಿ ಇಸವಿ ತುಂಬಲೇಬೇಕು. ಮೈಲೂರಿನ ಝೆರಾಕ್ಸ್ ಅಂಗಡಿಯಿಂದ ವಕೀಲರ ಕಚೇರಿವರೆಗೆ ಸಿಗುವ ಸಲಹೆ ಒಂದೇ: 590 ಕೂಡಿಸಿ.

ಈ ಲೆಕ್ಕ ವರ್ಷದಲ್ಲಿ ಮೂರು ತಿಂಗಳಿಗೆ ಮಾತ್ರ ಸರಿ. ಹೈದರಾಬಾದ್ ಸಂಸ್ಥಾನದ ಫಸಲಿ ವರ್ಷ ಆಜುರ್ ತಿಂಗಳಿಂದ, ಅಂದರೆ ಅಕ್ಟೋಬರ್ ಮೊದಲ ವಾರದಿಂದ ಶುರು. ಅಲ್ಲಿಂದ ಡಿಸೆಂಬರ್ 31ರವರೆಗೆ 590 ಕೂಡಿಸಬೇಕು. ಜನವರಿಯಿಂದ ಫಸಲಿಯ ಕೊನೆಯ ತಿಂಗಳಾದ ಆಬಾನ್ ಮುಗಿಯುವವರೆಗೆ 591.

ಒಂದು ವರ್ಷ ಆಚೀಚೆಯಾದರೆ ಏನಾದೀತು ಎನ್ನುವವರು ಜಾಗೀರ್ ರದ್ದತಿಯ ಕಾನೂನನ್ನು ನೋಡಲಿ. ಅದು 1358 ಫಸಲಿಯದು, ಜಾರಿಯಾದದ್ದು 1949ರ ಆಗಸ್ಟ್ 15ರಂದು. 590 ಕೂಡಿಸಿದರೆ 1948ರ ಆಗಸ್ಟ್ ಬರುತ್ತದೆ. ಆಗಿನ್ನೂ ಪೊಲೀಸ್ ಕಾರ್ಯಾಚರಣೆಯೇ ನಡೆದಿರಲಿಲ್ಲ, ನಿಜಾಮರ ಆಡಳಿತವೇ ಇತ್ತು. ಮನೆತನದ ವಾಟ್ಣಿಯಲ್ಲೂ, ಅಂದರೆ ಆಸ್ತಿ ಪಾಲಿನಲ್ಲೂ ಅಷ್ಟೇ: ಕಾಗದ ಮೊದಲೋ, ತಂದೆಯ ಸಾವು ಮೊದಲೋ ಎಂಬುದರ ಮೇಲೆ ಹೊಲದ ಹಕ್ಕು ನಿಲ್ಲಬಹುದು.

ಫಸಲಿಯೂ ಹಿಜರಿಯೂ ಒಂದೇ ಎಂದು ನಂಬಿದವರೂ ಬಹಳ. ದಖ್ಖನದ ಫಸಲಿ ಹುಟ್ಟಿದ್ದು ಹಿಜರಿಯಿಂದಲೇ, ಷಹಜಹಾನನ ಕಾಲದಲ್ಲಿ, 1636ರ ಸುಮಾರಿಗೆ. ಕಂದಾಯ ಸುಗ್ಗಿಯನ್ನು ಅನುಸರಿಸಬೇಕಾದ್ದರಿಂದ ಮುಂದೆ ಫಸಲಿ ಸೌರ ವರ್ಷದ ಜೊತೆ ನಡೆಯಿತು. ಹಿಜರಿ ಚಾಂದ್ರಮಾನದ್ದಾದ್ದರಿಂದ ವರ್ಷಕ್ಕೆ ಹತ್ತು ಹನ್ನೊಂದು ದಿನ ಮುಂದೆ ಓಡಿತು. 1948ರ ಸೆಪ್ಟೆಂಬರ್ ಹೊತ್ತಿಗೆ ಫಸಲಿ 1357, ಹಿಜರಿ 1367.

ಇನ್ನು, ಕಂಪ್ಯೂಟರಿಗೆ ಎಲ್ಲ ಪಂಚಾಂಗವೂ ಗೊತ್ತಿರುತ್ತದೆ ಎಂಬ ನಂಬಿಕೆ. ಬಹುತೇಕ ತಂತ್ರಾಂಶಗಳು ನೆಚ್ಚಿರುವ ಯೂನಿಕೋಡ್ ಪಟ್ಟಿಯಲ್ಲಿ ಹಿಜರಿ, ಪರ್ಷಿಯನ್, ನಮ್ಮ ರಾಷ್ಟ್ರೀಯ ಶಕ ಇವೆ, ಫಸಲಿ ಇಲ್ಲ. ಆಜುರ್, ಬಹಮನ್, ತೀರ್ ಎಂಬ ತಿಂಗಳ ಹೆಸರು ಕಂಡು ಪರ್ಷಿಯನ್ ಆಯ್ದುಕೊಂಡರೆ ಅನಾಹುತ. ಕಾಗದದ ‘ಆಜುರ್ 1352’ ನಿಜವಾಗಿ 1942ರ ಅಕ್ಟೋಬರ್. ಪರ್ಷಿಯನ್ ಲೆಕ್ಕ 1973ರ ನವೆಂಬರ್ ತೋರಿಸುತ್ತದೆ. ಹಿಜರಿ ಎಂದುಕೊಂಡರೆ 1933-34. ಮದ್ರಾಸಿನ ಫಸಲಿ ಜುಲೈ 1ಕ್ಕೆ ಶುರುವಾಗುವುದರಿಂದ ತಮಿಳುನಾಡಿನವರ ಲೆಕ್ಕವೂ ಇಲ್ಲಿಗೆ ಹೊಂದದು.

ಈ ತೊಡಕು ನಮ್ಮೊಬ್ಬರದೇ ಅಲ್ಲ. ಕ್ರಿ.ಶ. 552ರಿಂದ ಎಣಿಸುವ ಆರ್ಮೇನಿಯದ ಹಳೆಯ ಪಂಚಾಂಗದಲ್ಲಿ ವರ್ಷಕ್ಕೆ ಯಾವಾಗಲೂ 365 ದಿನ, ಅಧಿಕ ದಿನವೇ ಇಲ್ಲ. ಅದರ ಹೊಸ ವರ್ಷ ನಾಲ್ಕು ವರ್ಷಕ್ಕೊಂದು ದಿನದಂತೆ ಹಿಂದೆ ಸರಿಯುತ್ತದೆ. ಒಂದೇ ಸಂಖ್ಯೆ ಕೂಡಿಸಿ ಎಲ್ಲ ಶತಮಾನಗಳಿಗೂ ಹೊಂದಿಸಲಾಗದು. ಅದಕ್ಕೇ ಬಲ್ಲ ಪ್ರೋಗ್ರಾಮರುಗಳು ತಾರೀಖನ್ನು ಮೊದಲು ದಿನಗಳ ಒಂದೇ ಸರಣಿಯ ಕ್ರಮಸಂಖ್ಯೆಯಾಗಿಸಿ, ಆಮೇಲೆ ಬೇಕಾದ ಪಂಚಾಂಗಕ್ಕೆ ಇಳಿಸುತ್ತಾರೆ. ನಮ್ಮ ಫಸಲಿಗೂ ಅದೇ ದಾರಿ: ಸಂಸ್ಥಾನದ ಅಂದಿನ ಜಂತ್ರಿಗಳಿಂದ, ಅಂದರೆ ಪಂಚಾಂಗ ಪುಸ್ತಕಗಳಿಂದ, ಪ್ರತಿ ತಿಂಗಳ ಮೊದಲ ದಿನದ ಕೋಷ್ಟಕ ಮಾಡಿ ತಂತ್ರಾಂಶಕ್ಕೆ ಕೊಡಬೇಕು.

ಕಾಗದದಲ್ಲಿ ಬರೀ ‘1352 ಫಸಲಿ’ ಎಂದಿದ್ದರೆ ಜನವರಿ 1 ಎಂದು ತುಂಬುವುದು ತಪ್ಪು. 1942ರ ಅಕ್ಟೋಬರಿನಿಂದ 1943ರ ಅಕ್ಟೋಬರ್‌ವರೆಗೆ ಎಂದೇ ದಾಖಲಿಸಬೇಕು. ಕಾಗದದಲ್ಲಿದ್ದ ಮೂಲ ತಾರೀಖಿಗೆ ಪಕ್ಕದಲ್ಲೇ ಬೇರೆ ಕಾಲಂ ಇರಲಿ, ಅದನ್ನು ಯಾರೂ ತಿದ್ದಬಾರದು.