ಗೋಧಿ ಸೇರದ ಹಿಟ್ಟು ಮತ್ತು ಊರಿನ ಗಿರಣಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ರಾಗಿಯು ಬಹುಕಾಲದಿಂದ ಜನರ ಮುಖ್ಯಾಹಾರವಾಗಿರುವುದು ಸರ್ವರಿಗೂ ವಿದಿತವಾದ ಸಂಗತಿಯೇ. ಗೋಧಿಯನ್ನು ಉಣ್ಣಲಾಗದ ರೋಗಿಗಳ ಪಥ್ಯಕ್ಕಾಗಿ ಪಟ್ಟಣಗಳವರು ಈಗ ರಾಗಿಹಿಟ್ಟನ್ನೂ ಅಕ್ಕಿಹಿಟ್ಟನ್ನೂ ಹುಡುಕಿ ಕೊಳ್ಳುತ್ತಿರುವರು. ಇಂಥವರಿಗೆ ಹಿಟ್ಟನ್ನು ಒದಗಿಸಲಿಚ್ಛಿಸುವ ಜಮೀನುದಾರರು ಮೊದಲು ತಿಳಿಯತಕ್ಕ ವಿಷಯವೇನೆಂದರೆ, ಹೊಲದಲ್ಲಿ ಶುದ್ಧವಾಗಿದ್ದ ಧಾನ್ಯವು ಗಿರಣಿಯಲ್ಲಿ ಕೆಡಬಲ್ಲುದು.

ಗೋಧಿ, ಬಾರ್ಲಿ, ರೈ ಎಂಬ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಅಂಟಾದ ಸಸಾರಜನಕ ದ್ರವ್ಯವಿರುವುದು. ಚಪಾತಿಯ ಹಿಟ್ಟು ಎಳೆದಂತೆ ಹಿಗ್ಗುವುದು ಇದರಿಂದಲೇ. ಬಹುಮಂದಿಗೆ ಇದರಿಂದ ಯಾವ ಬಾಧೆಯೂ ಇಲ್ಲ. ಅವರು ಗೋಧಿಯನ್ನು ಬಿಡಬೇಕಾದ ಕಾರಣವೂ ಇಲ್ಲ. ಆದರೆ ಸೀಲಿಯಾಕ್ ಎಂಬ ರೋಗವುಳ್ಳವರಲ್ಲಿ ಇದು ಸಣ್ಣ ಕರುಳಿನ ಒಳಪೊರೆಯನ್ನು ಕೆಡಿಸಿ, ಉಂಡದ್ದು ಮೈಗೆ ಹತ್ತದಂತೆ ಮಾಡುವುದು. ಮಕ್ಕಳು ಬಹುದಿನ ಭೇದಿಯಿಂದ ನರಳಿ, ಹೊಟ್ಟೆ ಉಬ್ಬಿ, ಕೈಕಾಲು ಸೊರಗಿ, ರಕ್ತಹೀನರಾಗುವರು. ಇದಕ್ಕೆ ಗೋಧಿಯೇ ಕಾರಣವೆಂಬುದನ್ನು ಹಾಲೆಂಡಿನ ಮಕ್ಕಳ ವೈದ್ಯರಾದ ವಿಲ್ಲೆಮ್ ಡಿಕೆ ಎಂಬವರು 1950ರ ತಮ್ಮ ಪ್ರಬಂಧದಲ್ಲಿ ತೋರಿಸಿದರು. ಆಯುಷ್ಯಪೂರ್ತಿ ಆ ಧಾನ್ಯಗಳನ್ನು ವರ್ಜಿಸುವುದೇ ಇದರ ಚಿಕಿತ್ಸೆ. ಇಂಥ ಚಿಹ್ನೆಗಳಿರುವ ಮಗುವಿಗೆ ತಾವಾಗಿಯೇ ಗೋಧಿಯನ್ನು ನಿಲ್ಲಿಸದೆ, ಮೊದಲು ವೈದ್ಯರಲ್ಲಿ ರಕ್ತಪರೀಕ್ಷೆ ಮಾಡಿಸತಕ್ಕದ್ದು. ನಿಲ್ಲಿಸಿದ ಮೇಲೆ ಪರೀಕ್ಷೆಯಲ್ಲಿ ರೋಗವು ಕಾಣದೆ ಹೋಗಬಹುದು.

ರಾಗಿಯಲ್ಲಾಗಲಿ ಅಕ್ಕಿಯಲ್ಲಾಗಲಿ ಗ್ಲುಟೆನ್ ಇಲ್ಲ. ಅಸ್ಸಾಮಿನ ಬೋರಾ ಮುಂತಾದ ಅಂಟಕ್ಕಿಯಲ್ಲಿಯೂ ಅದಿಲ್ಲ. ಆ ಅಕ್ಕಿಯ ಅಂಟು ಅದರ ಪಿಷ್ಟದ್ದು. ವಿದೇಶಗಳಲ್ಲಿ ಗೋಧಿಯಿಲ್ಲದ ಭಕ್ಷ್ಯಗಳು ಒಡೆಯದಿರಲೆಂದು ಈ ಅಕ್ಕಿಯ ಹಿಟ್ಟನ್ನು ಬೆರೆಸುವರು. ಈ ಸೀಮೆಯ ಗೃಹಿಣಿಯರು ಕುದಿಯುವ ನೀರಿಗೆ ಹಿಟ್ಟನ್ನು ಹಾಕಿ ಬೇಯಿಸಿ ಮುದ್ದೆ ಕಟ್ಟುವುದೂ, ಬೇಯಿಸಿದ ಅಕ್ಕಿಹಿಟ್ಟಿನಿಂದ ಒತ್ತುಶಾವಿಗೆ ಒತ್ತುವುದೂ ಪಿಷ್ಟದ ಇದೇ ಗುಣದ ಬಲದಿಂದ. ಇದಲ್ಲದೆ 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದ ಅಂಶವಿದ್ದು, ಬೆಳೆಯುವ ಮಕ್ಕಳಿಗೆ ಬಹಳ ಹಿತಕರವಾಗಿದೆ. ರಾಗಿಯು ಮಧುಮೇಹವನ್ನು ಗುಣಪಡಿಸುವುದೆಂದು ಕೆಲವರು ಹೇಳುವುದು ಮಾತ್ರ ಉತ್ಪ್ರೇಕ್ಷೆ. ಅದರಲ್ಲಿಯೂ ನೂರಕ್ಕೆ 72ರಷ್ಟು ಪಿಷ್ಟಾದಿ ಪದಾರ್ಥಗಳಿರುವುದರಿಂದ, ಆ ರೋಗಿಗಳು ಅಳತೆಯಿಂದಲೇ ಉಣ್ಣತಕ್ಕದ್ದು.

ಇನ್ನು ಗಿರಣಿಯ ವಿಚಾರ. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮದಂತೆ, ಗ್ಲುಟೆನ್‌ರಹಿತವೆಂದು ಮಾರುವ ಪದಾರ್ಥದಲ್ಲಿ ಕಿಲೋಗ್ರಾಂ ಒಂದಕ್ಕೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಕೂಡದು. ಲೆಕ್ಕ ಹಾಕಿದರೆ, ಒಂದು ಕ್ವಿಂಟಾಲು ರಾಗಿಹಿಟ್ಟಿಗೆ 20–25 ಗ್ರಾಂ ಗೋಧಿಹಿಟ್ಟು, ಎಂದರೆ ಒಂದು ಹಿಡಿಗೂ ಕಡಿಮೆ, ಬೆರೆತರೆ ಮಿತಿ ಮುಟ್ಟಿದಂತಾಯಿತು. ಗೋಧಿ ಬೀಸಿದ ಕಲ್ಲಿನ ಸಂದಿಯಲ್ಲಿಯೂ, ಹಿಟ್ಟು ಸುರಿಯುವ ಬಟ್ಟೆಯ ಚೀಲದಲ್ಲಿಯೂ ಇಷ್ಟು ಸುಲಭವಾಗಿ ಉಳಿಯುವುದು. ಗೋಧಿ ತುಂಬಿದ್ದ ಗೋಣಿಗಳಿಗೆ ರಾಗಿಯನ್ನು ತುಂಬುವ ಅಭ್ಯಾಸವೂ ಅಷ್ಟೇ ಹಾನಿಕರ.

ಆದಕಾರಣ ಈ ವ್ಯಾಪಾರವನ್ನು ಕೈಗೊಳ್ಳುವವರು ಗೋಧಿಯನ್ನು ಎಂದೂ ಹಾಕದ ಪ್ರತ್ಯೇಕ ಗಿರಣಿಯನ್ನು, ಸಾಧ್ಯವಾದರೆ ನಾಲ್ಕಾರು ಮಂದಿ ಕೂಡಿಯಾದರೂ, ಬೇರೆ ಕಟ್ಟಡದಲ್ಲಿ ಇಟ್ಟುಕೊಳ್ಳುವುದು ಉತ್ತಮ. ಗೋಧಿಹಿಟ್ಟಿನ ಧೂಳು ಗಾಳಿಯಲ್ಲಿ ಹಾರಿ ಬಂದು ಕೂರುವುದರಿಂದ, ಒಂದೇ ಕೊಠಡಿಯಲ್ಲಿ ಎರಡು ಯಂತ್ರಗಳನ್ನಿಟ್ಟರೆ ಸಾಲದು. ಗೋಣಿಗಳು ಹೊಸವಾಗಿರತಕ್ಕದ್ದು. ಪ್ರಯೋಗಶಾಲೆಯಲ್ಲಿ ಪರೀಕ್ಷೆಯಾಗದ ಹಿಟ್ಟಿನ ಮೇಲೆ ಗ್ಲುಟೆನ್‌ರಹಿತವೆಂದು ಬರೆಯಕೂಡದು. ಬರಿಯ ರಾಗಿಹಿಟ್ಟೆಂದೇ ಮಾರಬಹುದು.

ಗ್ರಾಮದಲ್ಲಿಯೇ ಇಂಥ ರೋಗಿಯಿದ್ದರೆ ಮುಖಂಡರು ಗಿರಣಿಯವನಿಗೆ ಹೇಳಿ ಎಚ್ಚರಿಸಬಹುದು; ಆದರೂ ಅಂಥ ಮನೆಯವರಿಗೆ ಗೋಧಿ ಸೋಂಕದ ಬೀಸುವ ಕಲ್ಲೇ ಹೆಚ್ಚು ನಂಬತಕ್ಕದ್ದು. ಅಂಗಡಿಯ ಇಂಗಿಗೆ ಸಾಮಾನ್ಯವಾಗಿ ಗೋಧಿಹಿಟ್ಟನ್ನು ಬೆರೆಸಿರುವರಾದ್ದರಿಂದ, ಸಾರಿಗೆ ಒಗ್ಗರಣೆ ಹಾಕುವಾಗಲೂ ಆ ಮನೆಯವರು ಅದನ್ನು ಬಿಡತಕ್ಕದ್ದು.